ಒಂದೇ ಫೋನಿನ ಮನೆ

ಡೇಟಾಬೇಸಿನಿಂದ ಒಂದು ಸಾಲು ಕಳೆದುಹೋದರೆ ಸಪ್ಪಳ ಆಗುವುದಿಲ್ಲ. ಅಡುಗೆಮನೆಯಲ್ಲಿ ಚಮಚ ಬಿದ್ದರೂ ಪಡಸಾಲೆಯವರೆಗೆ ಕೇಳುತ್ತದೆ. ಒಬ್ಬ ಹೆಣ್ಣುಮಗಳ ಹೆಸರು, ಊರು, ರಕ್ತದ ಗುಂಪು, ಹೆರಿಗೆಯ ತಾರೀಖು ಎಲ್ಲವೂ ಒಮ್ಮೆಲೇ ಅಳಿದರೂ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಯಶಸ್ವಿ' ಎಂದೇ ಬರುತ್ತದೆ. ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು, ಇದೇ ತರಹದ ಕೆಲಸ ಸಿಕ್ಕವಳು, "ಆಂಟಿ, ಕನೆಕ್ಟರ್ ಹಚ್ಚೂದಂದ್ರ ನಾಲ್ಕು ಸಲ ಒತ್ತೂದಷ್ಟೇ ಅಲ್ಲೇನ್ರಿ?" ಎಂದಳು. ಹೌದು, ನಾಲ್ಕು ಸಲ ಒತ್ತುವುದಷ್ಟೇ. ಅದರಲ್ಲಿ ಮೂರನೆಯ ಸಲ ನಾನು ಒತ್ತಿದ್ದನ್ನು ಈಗಲೂ ಮರೆತಿಲ್ಲ. ಅವಳಿಗೆ ಚಹಾ ಕೊಟ್ಟು ಕಳಿಸಿದೆ. ಹೇಳಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಪ್ರಾರ್ಥನೆಗೆ ಮೊದಲು ಹಾಡಿನ ಪುಸ್ತಕಗಳನ್ನು ಎಣಿಸಿ ಹಂಚಬೇಕು, ಮುಗಿದ ಮೇಲೆ ಎಣಿಸಿ ಕಪಾಟಿನಲ್ಲಿಡಬೇಕು. ಒಂದು ಕಡಿಮೆ ಬಂದರೆ ಸಿಸ್ಟರ್ ಬೈಯುತ್ತಿರಲಿಲ್ಲ, ಸುಮ್ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರು ಹಾಗೆ ನಿಲ್ಲುವುದಕ್ಕೆ ಹೆದರಿಯೇ ಎಣಿಸುವುದು ಕಲಿತೆವು. ಮದುವೆಯಾದ ಮೇಲೆ ಹನ್ನೆರಡು ವರ್ಷ ಮನೆ, ಮಕ್ಕಳು, ರೊಟ್ಟಿ. ಮಕ್ಕಳು ತಾವೇ ಜಡೆ ಹಾಕಿಕೊಳ್ಳುವಷ್ಟು ದೊಡ್ಡವರಾದಾಗ, ತಾಯಂದಿರ ಆರೋಗ್ಯ ನೋಡಿಕೊಳ್ಳುವ ಒಂದು ಸಂಸ್ಥೆಗೆ ಟೈಪು ಮಾಡಲು ಸೇರಿದೆ. ಯಾವಾಗ ಯಾವ ಹುದ್ದೆ ಎಂಬುದನ್ನು ಬಿಡುತ್ತೇನೆ. ಹುದ್ದೆಯ ಹೆಸರು ಬದಲಾಗುತ್ತಿತ್ತು, ಎಡಗೈ ಹಿಡಿಕೆ ಮುರಿದ ಕುರ್ಚಿ ಮಾತ್ರ ಕೊನೆಯವರೆಗೂ ಅದೇ ಇತ್ತು.

ಸಂಸ್ಥೆಗೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮೂರು ಕೇಂದ್ರಗಳು. ಒಂದೊಂದರಲ್ಲಿ ಒಂದು ಹಳೆಯ ಕಂಪ್ಯೂಟರ್, ಅದರಲ್ಲಿ ಆಯಾ ತಾಲೂಕಿನ ಬಸುರಿಯರ ದಾಖಲೆ. ಪ್ರತಿ ಸೋಮವಾರ ಮುಂಜಾನೆ ಅದರಿಂದ ಒಂದು ಪಟ್ಟಿ ತೆಗೆಯುತ್ತಿದ್ದರು. ನಾವು ಅದಕ್ಕೆ ನೆಗೆಟಿವ್ ಪಟ್ಟಿ ಎನ್ನುತ್ತಿದ್ದೆವು. ತಾಯಿಯ ರಕ್ತ ನೆಗೆಟಿವ್ ಇದ್ದು ಹೊಟ್ಟೆಯಲ್ಲಿರುವ ಕೂಸಿನದು ಪಾಸಿಟಿವ್ ಆದರೆ, ತಾಯಿಯ ರಕ್ತ ಕೂಸಿನ ರಕ್ತದ ಮೇಲೆಯೇ ತಿರುಗಿ ಬೀಳುವ ಸಂಭವವಿದೆ. ಏಳನೆಯ ತಿಂಗಳಲ್ಲಿ ಒಂದು ಇಂಜೆಕ್ಷನ್, ಹೆರಿಗೆಯಾದ ಮೂರು ದಿನದೊಳಗೆ ಇನ್ನೊಂದು ಕೊಟ್ಟರೆ ಅದು ತಪ್ಪುತ್ತದೆ. ಕೊಡದಿದ್ದರೆ ಮೊದಲ ಕೂಸು ಬಹುಶಃ ಪಾರಾದೀತು, ಮುಂದಿನವಕ್ಕೆ ಅಪಾಯ. ಪಟ್ಟಿಯಲ್ಲಿ ಹೆಸರಿದ್ದರೆ ನರ್ಸು ಫೋನ್ ಮಾಡುತ್ತಾಳೆ, ಬಾರದಿದ್ದರೆ ಮನೆಗೇ ಹೋಗುತ್ತಾಳೆ. ಹೆಸರಿಲ್ಲದಿದ್ದರೆ ಯಾರೂ ಹೋಗುವುದಿಲ್ಲ.

ಈ ಮೂರು ಯಂತ್ರಗಳ ದಾಖಲೆಯನ್ನೆಲ್ಲ ಕಲಬುರಗಿಯ ಒಂದು ಹೊಸ ಡೇಟಾಬೇಸಿಗೆ ಸಾಗಿಸಬೇಕು ಎಂದು ತೀರ್ಮಾನವಾಯಿತು. ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಪಾಟೀಲ ಸರ್ ಆ ಕೆಲಸವನ್ನು ನನಗೆ ಕೊಟ್ಟರು. ಅವರು ಕಡಿಮೆ ಮಾತಿನವರು. ಏನಾದರೂ ಅನುಮಾನ ಬಂದರೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು, ಹಾಗಾಗಿ ನಾವು ಅವರ ಮುಖ ನೋಡುತ್ತಿರಲಿಲ್ಲ, ಕನ್ನಡಕ ನೋಡುತ್ತಿದ್ದೆವು.

ಕನೆಕ್ಟರ್ ಎಂದರೆ ಹೆದರಬೇಡಿ. ದೊಡ್ಡ ಡಬ್ಬಿಯ ಎಣ್ಣೆಯನ್ನು ಸೀಸೆಗೆ ಸುರಿಯುವಾಗ ನಡುವೆ ಇಡುತ್ತೇವಲ್ಲ ಆಲಿಕೆ, ಅಷ್ಟೇ. ಮೊದಲು ಹಳೆಯ ಡೇಟಾಬೇಸಿನ ವಿಳಾಸ ಮತ್ತು ಗುಪ್ತಪದ, ಆಮೇಲೆ ಹೊಸದರದ್ದು. ಮೂರನೆಯದು, ಅಲ್ಲಿಯ ಯಾವ ಕಾಲಂ ಇಲ್ಲಿಯ ಯಾವ ಕಾಲಮ್ಮಿಗೆ ಬೀಳಬೇಕು, ಒಬ್ಬ ವ್ಯಕ್ತಿಯನ್ನು ಇನ್ನೊಬ್ಬರಿಂದ ಯಾವುದರಿಂದ ಗುರುತಿಸಬೇಕು ಎಂದು ಹೇಳುವುದು. ನಾಲ್ಕನೆಯದು, 'ಸಾಗಿಸು'. ಸಾವಿರಗಟ್ಟಲೆ ಸಾಲುಗಳು ನಾವು ಬಳೆ ಸರಿಮಾಡಿಕೊಳ್ಳುವುದರೊಳಗೆ ಹರಿದುಹೋಗುತ್ತವೆ. ಆ ವೇಗವೇ ನನಗೆ ದಿಗಿಲು.

ಆಳಂದದಿಂದ ಶುರುಮಾಡಿದೆವು. ಅಲ್ಲಿ ಹೆಸರುಗಳನ್ನು ಬಹಳ ಹಿಂದಿನ ಒಂದು ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದರು. ಹಳೆಯ ಯಂತ್ರದಲ್ಲಿ 'ಕಿಣ್ಣಿ ಸುಲ್ತಾನ' ಎಂದು ಮುದ್ದಾಗಿ ಕಾಣುತ್ತಿದ್ದ ಊರು ಹೊಸದರಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಆವರಣ ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನವಾಯಿತು. ಪಾಟೀಲ ಸರ್ ಹಿಂದೆ ಬಂದು ನಿಂತು, "ಬಾಯಾರ, ಈ ಊರಿಗೆ ಬಸ್ ಎಲ್ಲಿಂದ ಹೊಂಡ್ತಾವ್ರಿ?" ಎಂದರು. ನನಗೆ ಅಳು ಬಂದಿತ್ತು, ಅವರು ನಕ್ಕದ್ದರಿಂದ ಬಚಾವಾದೆ. ಹಳೆಯ ಫಾಂಟನ್ನು ಈಗಿನ ಅಕ್ಷರಕ್ಕೆ ತಿರುಗಿಸುವ ಒಂದು ಹೆಜ್ಜೆಯನ್ನು ನಡುವೆ ಸೇರಿಸಿ, ಮೊದಲು ಹತ್ತೇ ಸಾಲು ಕಳಿಸಿ, ಓದಿ, ಆಮೇಲೆ ಉಳಿದದ್ದನ್ನು ಕಳಿಸಿದೆವು.

ಜೇವರ್ಗಿಯದು ಇದಕ್ಕಿಂತ ಕಪಟಿ. ಅಲ್ಲಿಯ ಯಂತ್ರದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮದರಲ್ಲಿ ದಿನ ಮೊದಲು. ಹನ್ನೆರಡನೆಯ ತಾರೀಖಿನ ನಂತರದ ಹೆರಿಗೆಗಳನ್ನೆಲ್ಲ ಕನೆಕ್ಟರ್ ತಿರಸ್ಕರಿಸಿತು, ಏಕೆಂದರೆ ಹದಿಮೂರನೆಯ ತಿಂಗಳು ಎಂಬುದಿಲ್ಲ. ಹಾಗೆ ತಿರಸ್ಕರಿಸಿದ್ದೇ ಉಪಕಾರ. ಹನ್ನೆರಡರವರೆಗಿನ ತಾರೀಖುಗಳು ತಲೆಕೆಳಗಾಗಿ, ಆದರೆ ಮರ್ಯಾದೆಯಿಂದ, ಒಳಗೆ ಹೋಗಿ ಕೂತಿದ್ದವು. ಮೇ ಒಂಬತ್ತಕ್ಕೆ ಹೆರಬೇಕಾದವಳು ಸೆಪ್ಟೆಂಬರ್ ಐದಕ್ಕೆ ಹೆರುವವಳಾಗಿದ್ದಳು. ಎಲ್ಲ ಅಳಿಸಿ ಮತ್ತೆ ತುಂಬಿದೆವು. ಆ ವಾರ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆನೆಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ.

ಕೊನೆಗೆ ಅಫಜಲಪುರ. ಅಲ್ಲಿಯ ಯಂತ್ರ ನೋಡಿಕೊಳ್ಳುತ್ತಿದ್ದವಳು ನೂರಜಹಾನ್. ಚಹಾವನ್ನು ಬಸಿಯಲ್ಲೇ ಕುಡಿಯುವವಳು, ಕೀಲಿಮಣೆಯ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸುವವಳು. ಅವಳದೊಂದು ಪದ್ಧತಿಯಿತ್ತು. ಯಾವ ಬಸುರಿಯ ರಕ್ತ ನೆಗೆಟಿವ್ ಬಂದರೂ ಅವಳ ತಾಯಿ ಕಾರ್ಡಿನ ಮೂಲೆಗೆ ನೇಲ್ ಪಾಲಿಶಿನ ಒಂದು ಕೆಂಪು ಚುಕ್ಕಿ ಇಡುವುದು. "ಶಾಯಿ ನೀರಿಗಿ ಹೋಗ್ತದ್ರಿ ಅಕ್ಕೋರ, ಇದು ಹೋಗಂಗಿಲ್ಲ" ಎನ್ನುತ್ತಿದ್ದಳು. ಅದು ಸಂಸ್ಥೆಯ ನಿಯಮವಲ್ಲ. ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಅಫಜಲಪುರಕ್ಕೆ ಬರುವಷ್ಟರಲ್ಲಿ ಹೊಸದೊಂದು ಪ್ರಶ್ನೆ ಎದ್ದಿತ್ತು. ಒಬ್ಬಳೇ ಹೆಣ್ಣುಮಗಳು ಗಂಡನ ಮನೆಯ ಕಡೆ ಒಮ್ಮೆ, ತವರಿನ ಕಡೆ ಒಮ್ಮೆ ಹೆಸರು ಬರೆಸಿರುತ್ತಾಳೆ. ಹೊಸ ಡೇಟಾಬೇಸಿನಲ್ಲಿ ಅವಳು ಎರಡು ಸಲ ಬರಬಾರದು ಎಂದು ಪಾಟೀಲ ಸರ್ ಹೇಳಿದರು. ಅದಕ್ಕೆ ಕನೆಕ್ಟರಿನಲ್ಲಿ ಒಂದು ಆಯ್ಕೆಯಿದೆ: ಮೊದಲೇ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು. ಆದರೆ ಮೊದಲೇ ಇದ್ದಾಳೆಂದು ಅದಕ್ಕೆ ತಿಳಿಯುವುದು ಹೇಗೆ? ಹಳೆಯ ಕ್ರಮಸಂಖ್ಯೆ ಉಪಯೋಗವಿಲ್ಲ, ಮೂರೂ ಕೇಂದ್ರಗಳು ಒಂದರಿಂದಲೇ ಎಣಿಸಿದ್ದವು. ಹೆಸರಿನಿಂದ ಗುರುತಿಸೋಣವೇ ಎಂದೆ.

ನೂರಜಹಾನ್ ಬಸಿ ಕೆಳಗಿಟ್ಟಳು. "ಅರೆ, ಹೆಸರ ನಂಬಬ್ಯಾಡ್ರಿ ಅಕ್ಕೋರ. ನಿಮ್ಮ ಮಂದ್ಯಾಗ ಎಷ್ಟೋ ಮನ್ಯಾಗ ಮದಿವಿ ದಿನಾನೇ ಹೆಸರ ಬದ್ಲಿ ಮಾಡ್ತಾರ. ತಾಟಿನ ಅಕ್ಕ್ಯಾಗ ಬೆರಳಿಲೆ ಬರದು, ಇನ್ನ ನೀ ಇಂಥಾಕಿ ಅಂತಾರ. ತವರಾಗ ಒಂದು, ಇಲ್ಲಿ ಒಂದು. ಯಾವ ಹೆಸರ ಹುಡುಕ್ತೀರಿ?"

ನಿಜವೇ. ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಭಾಗದಲ್ಲಿ ಇದು ಹೊಸದಲ್ಲ. ನನ್ನ ಅತ್ತಿಗೆಗೂ ಹೀಗೇ ಆಗಿತ್ತು. ಆಗ ನನಗೆ ಹೊಳೆಯಿತು. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಫೋನ್ ನಂಬರ್ ಬದಲಾಗುವುದಿಲ್ಲ. ಒಂದು ಫೋನ್, ಒಬ್ಬ ವ್ಯಕ್ತಿ. ಪಾಟೀಲ ಸರ್‌ಗೆ ಹೇಳಿದೆ. ಅವರು ಕನ್ನಡಕ ಒರೆಸಲಿಲ್ಲ. ಮೂರನೆಯ ಸಲ ಒತ್ತಿದೆ, ನಾಲ್ಕನೆಯ ಸಲವೂ ಒತ್ತಿದೆ. ಓದಿದ ಸಾಲುಗಳೆಷ್ಟೋ ಬರೆದ ಸಾಲುಗಳೂ ಅಷ್ಟೇ ಎಂದು ಪರದೆ ಹೇಳಿತು. ಯಶಸ್ವಿ.

ಆದರೂ ಹಾಡಿನ ಪುಸ್ತಕದ ಅಭ್ಯಾಸ ಬಿಡಲಿಲ್ಲ. ಹೊಸ ಡೇಟಾಬೇಸಿಗೆ ಹೋಗಿ ಅಫಜಲಪುರದ ಸೇರ್ಪಡೆಗಳನ್ನು ನಾನೇ ಎಣಿಸಿದೆ. ಮೂವತ್ತೊಂದು ಕಡಿಮೆ. ನನಗೆ ಭಯವಾಗಲಿಲ್ಲ, ಖುಷಿಯಾಯಿತು. ತವರಿನಲ್ಲಿ ಒಮ್ಮೆ, ಗಂಡನ ಮನೆಯಲ್ಲಿ ಒಮ್ಮೆ ಬರೆಸಿದವರು ಒಂದಾಗಿದ್ದಾರೆ ಎಂದುಕೊಂಡೆ. ಕಡಿಮೆ ಬಂದದ್ದೇ ನನ್ನ ಜಾಣತನಕ್ಕೆ ಸಾಕ್ಷಿಯೆಂದು ವರದಿಯಲ್ಲೂ ಬರೆದೆ. ಬಾಗಿಲಲ್ಲಿ ನಿಂತ ಸಿಸ್ಟರ್ ಆಗ ಯಾಕೋ ನೆನಪಿಗೆ ಬರಲಿಲ್ಲ.

ಅದಾದ ಕೆಲವು ವಾರಗಳಿಗೆ ಸೋಮವಾರದ ಪಟ್ಟಿ ಹೊಸ ಡೇಟಾಬೇಸಿನಿಂದಲೇ ಬರತೊಡಗಿತ್ತು. ಎಲ್ಲ ಸುಸೂತ್ರವೇ ಎಂದು ನೋಡಲು ಅಫಜಲಪುರಕ್ಕೆ ಹೋದೆ. ಅಂದು ಅಮಾವಾಸ್ಯೆ, ಬಸ್ಸಿನ ತುಂಬ ಘತ್ತರಗಿ ಭಾಗ್ಯವಂತಿ ದೇವಿಯ ಗುಡಿಗೆ ಹೊರಟವರು. ಕೇಂದ್ರದಲ್ಲಿ ನೂರಜಹಾನಳ ಮೇಜಿನೆದುರು ಒಬ್ಬ ಅತ್ತೆ, ತನ್ನ ದೊಡ್ಡ ಸೊಸೆಯನ್ನು ತಪಾಸಣೆಗೆ ಕರೆತಂದಿದ್ದಳು. ಸೊಸೆಯ ಹೆಸರು ಮಹಾದೇವಿ. ಅತ್ತೆ ಪ್ಲಾಸ್ಟಿಕ್ ಚೀಲದಿಂದ ಕಾರ್ಡು ತೆಗೆಯುವಾಗ ಅದರ ಹಿಂದೆ ಇನ್ನೊಂದು ಕಾರ್ಡು ಇಣುಕಿತು. ಮೂಲೆಯಲ್ಲಿ ಒಂದು ಕೆಂಪು ಚುಕ್ಕಿ.

"ಇದು ಯಾರದವ್ವಾ?" ಎಂದೆ.

"ಅದು ಸಣ್ಣಾಕಿದ್ರಿ, ಭಾಗ್ಯಶ್ರೀದು. ಇಬ್ಬರೂ ಸೊಸ್ತೇರು ಒಮ್ಮೆಲೇ ಬಸುರಾಗ್ಯಾರ, ನನ್ನ ಪುಣ್ಯ! ಕುಬಸ ಮಾಡಿ ತವರಿಗಿ ಕಳಿಸೀವಿ. ಕಾರ್ಡ ಕೊಡೂದೇ ಮರ್ತೀನಿ ನೋಡ್ರಿ, ಹಾಳಾದ ತಲಿ."

"ಎಷ್ಟನೇ ತಿಂಗಳಾಗ ಅದಾಳ?"

"ಎಂಟರಾಗ ಬಿದ್ದಾವ್ರಿ."

ನೂರಜಹಾನ್ ಕಡೆ ನೋಡಿದೆ. ಅವಳಾಗಲೇ ಸೋಮವಾರದ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದಳು. ಭಾಗ್ಯಶ್ರೀ ಇರಲಿಲ್ಲ. ಅದರ ಹಿಂದಿನ ಸೋಮವಾರಗಳ ಪಟ್ಟಿಯಲ್ಲೂ ಇರಲಿಲ್ಲ. ಫೋನ್ ನಂಬರಿನಿಂದ ಹುಡುಕಿದೆವು. ಬಂದದ್ದು ಒಂದೇ ಸಾಲು. ಮಹಾದೇವಿ, ಪಾಸಿಟಿವ್.

"ಅವ್ವಾ, ಈ ಫೋನ ಯಾರದು?"

"ನಮ್ಮ ದೊಡ್ಡ ಮಗಂದು. ಮನೀಗೆಲ್ಲಾ ಅದೊಂದೇ ರಿ. ಇಬ್ಬರಿಗೂ ಅದೇ ಬರ್ಸೀವಿ."

ಮೊದಲು ಭಾಗ್ಯಶ್ರೀಯ ಸಾಲು ಹೊಸ ಡೇಟಾಬೇಸಿನೊಳಗೆ ಹೋಗಿದೆ. ಆಮೇಲೆ ಅದೇ ನಂಬರಿನ ಮಹಾದೇವಿಯ ಸಾಲು ಬಂದಿದೆ. ನಾನು ಹೇಳಿಕೊಟ್ಟ ಹಾಗೆ ಕನೆಕ್ಟರ್ "ಇವಳು ಮೊದಲೇ ಇದ್ದಾಳೆ" ಎಂದುಕೊಂಡು ತಂಗಿಯಂಥವಳನ್ನು ಅಳಿಸಿ ಅಕ್ಕನಂಥವಳನ್ನು ಬರೆದಿದೆ. ಆ ಲೆಕ್ಕಕ್ಕೆ ಎರಡೂ ಬರೆದದ್ದೇ. ಒಂದು ಫೋನ್, ಒಬ್ಬ ವ್ಯಕ್ತಿ. ನಮ್ಮ ಕಡೆಯ ಮನೆಗಳಲ್ಲಿ ಹುಟ್ಟಿ ಬೆಳೆದು, ಒಂದೇ ಫೋನಿಗೆ ಎಂಟು ಜನ ಕಾಯುವುದನ್ನು ದಿನವೂ ಕಂಡವಳು ನಾನು ಹೀಗೆ ಯೋಚಿಸಿದ್ದೆ.

"ಯಾ ಅಲ್ಲಾ," ಎಂದಳು ನೂರಜಹಾನ್ ಮೆಲ್ಲಗೆ. "ಮೂವತ್ತೊಂದು ಅಂದಿದ್ರಲ್ಲಾ ಅಕ್ಕೋರ?"

ಹಳೆಯ ಯಂತ್ರವನ್ನು ಇನ್ನೂ ಅಳಿಸಿರಲಿಲ್ಲ, ಪುಣ್ಯ. ಒಂದೇ ನಂಬರಿಗೆ ಇಬ್ಬರಿರುವ ಸಾಲುಗಳನ್ನೆಲ್ಲ ತೆಗೆ ಎಂದು ಅವಳಿಗೆ ಹೇಳಿ ಪಾಟೀಲ ಸರ್‌ಗೆ ಫೋನ್ ಮಾಡಿದೆ. ತಪ್ಪು ನನ್ನದು ಎಂದು ಶುರುಮಾಡಿದೆ. ಆಚೆ ಅವರು ಕನ್ನಡಕ ಒರೆಸುತ್ತಿದ್ದಾರೆಂದು ನನಗೆ ಇಲ್ಲಿಂದಲೇ ಕಂಡಿತು.

"ಕಡಿಮಿ ಬಂದಾವಂತ ನಾನೂ ಖುಷಿ ಆಗಿದ್ದೆ ಬಾಯಾರ," ಎಂದರು ಕೊನೆಗೆ. "ಯಾರ ತಪ್ಪು ಅಂತ ಆಮ್ಯಾಲ ಮಾತಾಡೂಣು. ಮೊದಲ ಆ ಹುಡುಗೀನ ಹುಡುಕ್ರಿ."

ತವರು ಆಳಂದ ತಾಲೂಕಿನ ನರೋಣಾ ಎಂದು ಅತ್ತೆ ಹೇಳಿದ್ದಳು. ಭಾಗ್ಯಶ್ರೀಯ ಅಪ್ಪನ ನಂಬರೂ ಕೊಟ್ಟಳು, ಅದು ಹತ್ತಲಿಲ್ಲ. ಅತ್ತೆ, ಸೊಸೆ ಊರಿಗೆ ಹೊರಟುಹೋದರು. ನಾನು ಆಳಂದದ ಬಸ್ಸು ಹತ್ತಿದೆ. ಆಳಂದ ಕೇಂದ್ರದ ನರ್ಸು ಕಸ್ತೂರಿಗೆ ಇಂಜೆಕ್ಷನ್ನನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಸಿದ್ಧಳಿರಲು ಹೇಳಿ, ಅಷ್ಟರಲ್ಲಿ ನರೋಣಾದಲ್ಲಿ ಯಾರಿಂದಲಾದರೂ ವಿಚಾರಿಸು ಎಂದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕಿ ಕಡಲೆಕಾಯಿ ಸುಲಿದು ಸಿಪ್ಪೆಯನ್ನು ತನ್ನ ಸೆರಗಿನಲ್ಲೇ ಕಟ್ಟಿಕೊಳ್ಳುತ್ತಿದ್ದಳು. ನಾನು ಎಂಟನೆಯ ತಿಂಗಳಿನ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ, ಪ್ರತಿ ಸಲ ಬೇರೆ ಉತ್ತರ ಬರುತ್ತಿತ್ತು. ಅರ್ಧ ದಾರಿಯಲ್ಲಿ ಕಸ್ತೂರಿಯ ಫೋನ್.

"ಅಕ್ಕೋರ, ನರೋಣಾದಾಗ ಭಾಗ್ಯಶ್ರೀ ಅನ್ನಾಕಿ ಬಸುರಿ ಯಾರೂ ಇಲ್ಲಂತ್ರಿ. ಆಶಾ ಕಾರ್ಯಕರ್ತಿಗೂ ಕೇಳ್ದೆ, ಅಂಗಡ್ಯಾಗೂ ಕೇಳ್ಸಿದೆ. ಊರೇ ತಪ್ಪಿ ಹೇಳ್ಯಾರೇನೋ."

ಊರು ತಪ್ಪಿರಲಿಲ್ಲ. ನಾನು ತಪ್ಪಿದ್ದೆ, ಮತ್ತೊಂದು ಸಲ. ಹೆಸರನ್ನು ನಂಬಬೇಡಿ ಎಂದು ನೂರಜಹಾನ್ ಹೇಳಿದ್ದಳಲ್ಲ! ಆ ಮಾತಿನಿಂದಲೇ ಫೋನ್ ನಂಬರಿನ ಕಡೆ ಹೊರಳಿದವಳು, ಈಗ ಅವಳಿಗೆ ತವರಿನಲ್ಲಿದ್ದ ಹೆಸರು, ಅಪ್ಪನ ಹೆಸರು ಎರಡನ್ನೂ ಕೇಳದೆ ಬಂದಿದ್ದೆ. ಆ ಮನೆಯ ಒಂದೇ ಫೋನಿಗೆ ಕರೆ ಮಾಡಿದೆ. ದೊಡ್ಡ ಮಗ ಹೊಲದಲ್ಲಿದ್ದ. "ಅವ್ವ ಇನ್ನಾ ಬಂದಿಲ್ರಿ" ಎಂದ. ತಮ್ಮನ ಹೆಂಡತಿಯ ಮೊದಲಿನ ಹೆಸರಾಗಲಿ ಅವಳ ಅಪ್ಪನ ಹೆಸರಾಗಲಿ ಅವನಿಗೆ ಗೊತ್ತಿರಲಿಲ್ಲ. ತಮ್ಮ ಕೆಲಸದ ಮೇಲೆ ಸೊಲ್ಲಾಪುರಕ್ಕೆ ಹೋಗಿದ್ದ. ಅವ್ವ ಬಂದ ಕೂಡಲೇ ಫೋನ್ ಕೊಡು ಎಂದೆ. ಆಳಂದದಲ್ಲಿ ಇಳಿದು ಕಸ್ತೂರಿಯ ಜೊತೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆ. ಡಬ್ಬಿಯೊಳಗಿನ ಮಂಜು ಕರಗುವ ಹನಿ ಅವಳ ಸೀರೆಯ ಮೇಲೆ ಬೀಳುತ್ತಿತ್ತು. ನರೋಣಾದ ಒಂದು ಬಸ್ಸು ಹೋಯಿತು. ಯಾರ ಮನೆಯೆಂದು ಕೇಳಿಕೊಂಡು ಹತ್ತುವುದು?

ಫೋನ್ ಬಂತು. ಅತ್ತೆ.

"ತವರಾಗ ಏನಂತಾರೋ ಯವ್ವಾ. ಹೆಸರ ಇಟ್ಟ ಮ್ಯಾಲ ಹಳೀದು ಕರೀಬಾರದ್ರಿ ನಾವು. ಮದಿವಿ ಚೀಟ್ಯಾಗ ಇತ್ತು, ಅದು ಎಲ್ಲದನೋ…" ಆಮೇಲೆ ಅವಳು ಯಾರಿಗೋ, "ಏನ ಬೇ, ನಿನಗ ಹ್ಯಾಂಗ ಗೊತ್ತು?" ಎಂದದ್ದು ಕೇಳಿತು.

ಫೋನ್ ಕೈ ಬದಲಾಯಿಸಿತು. ಮಹಾದೇವಿಯ ದನಿ, ಅತ್ತೆಗೆ ಕೇಳಬಾರದೆಂಬಂತೆ ಸಣ್ಣದು. "ಶಾಂತಾ ಅಂತಾರ್ರಿ ಅಕ್ಕೋರ. ರೊಟ್ಟಿ ಬಡಿಯೂಮುಂದ ಇಬ್ಬರೇ ಇದ್ದಾಗ ಹಂಗೇ ಕರೀತೀನಿ ನಾನು. ಆಕಿ ನನ್ನ ತವರ ಹೆಸರ ಹಿಡದು ಅಂಬವ್ವ ಅಂತಾಳ."

ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಿರು, ಒಬ್ಬರಿಗೊಬ್ಬರು ಆಗದವರೆಂದೇ ಗಾದೆ, ಕಥೆ ಎಲ್ಲ ಹೇಳುತ್ತವೆ. ನಾನು ಅಳಿಸಿದವಳ ಹೆಸರನ್ನು ಜೋಪಾನವಾಗಿ ಇಟ್ಟುಕೊಂಡಿದ್ದವಳು, ಯಾವಳ ಸಾಲು ಅದರ ಮೇಲೆ ಬಿದ್ದಿತ್ತೋ ಅವಳೇ.

ನರೋಣಾದಲ್ಲಿ ಶಾಂತಾ ಎನ್ನುತ್ತಲೇ ಅಂಗಡಿಯವನು ಓಣಿ ತೋರಿಸಿದ. ಅವಳು ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕಾಲು ಸ್ವಲ್ಪ ಬಾತಿತ್ತು. ನಮ್ಮನ್ನು ಕಂಡು ಎದ್ದು ನಿಲ್ಲಲು ಹೋದಳು, ಕಸ್ತೂರಿ ಕೂಡಿಸಿದಳು. ಒಂದು ಸೂಜಿ ಚುಚ್ಚಿಸಿಕೊಳ್ಳಬೇಕೆಂದು ನಿನಗೆ ಮೊದಲೇ ಹೇಳಿದ್ದರಲ್ಲ, ಯಾಕೆ ಯಾರನ್ನೂ ಕೇಳಲಿಲ್ಲ ಎಂದೆ.

"ಏಳರಾಗ ಫೋನ ಮಾಡ್ತೀವಿ ಅಂದಿದ್ರಿ ನೀವು. ಬರಲಿಲ್ಲ. ನನ್ನ ರಕ್ತ ಸುಧಾರಿಸ್ಯಾದ, ಅದಕ್ಕ ಬಿಟ್ಟಾರ ಅಂತ ತಿಳ್ಕೊಂಡ್ನಿ," ಎಂದು ಅವಳು ನಕ್ಕಳು.

ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಅದಕ್ಕಿಂತ ಕಠಿಣವಾದ ಮಾತು ಹೇಳಿಲ್ಲ. ಅವಳು ನಗುತ್ತಲೇ ಹೇಳಿದ್ದಳು.

ಆಳಂದಕ್ಕೆ ಕರೆತಂದು ಮೊದಲು ರಕ್ತ ತೆಗೆದರು. ತಾಯಿಯ ರಕ್ತ ತಿರುಗಿಬಿದ್ದಿದ್ದರೆ ಇಂಜೆಕ್ಷನ್ನಿನಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಫಲಿತಾಂಶ ಬರುವವರೆಗೆ ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ಕೂತಿದ್ದೆ. ಡಾಕ್ಟರು ಹೊರಬಂದು, "ಇನ್ನಾ ಏನೂ ಆಗಿಲ್ಲ, ತಡ ಆಗ್ಯಾದ ಅಷ್ಟೇ" ಎಂದರು. ಇಂಜೆಕ್ಷನ್ ಕೊಟ್ಟರು. ಹೆರಿಗೆಯೂ ಅಲ್ಲಿಯೇ ಆಯಿತು. ಗಂಡುಕೂಸು, ಪಾಸಿಟಿವ್. ಎರಡನೆಯ ದಿನ ಎರಡನೆಯ ಇಂಜೆಕ್ಷನ್.

ಉಳಿದ ಮೂವತ್ತು ಸಾಲುಗಳನ್ನು ನೂರಜಹಾನ್, ನಾನು ಒಂದೊಂದಾಗಿ ಹಿಡಿದೆವು. ನಿಜವಾಗಿ ಎರಡು ಸಲ ಬರೆಸಿದವರು ಅದರಲ್ಲಿ ನಾಲ್ಕೇ ಜನ. ಕೆಂಪು ಚುಕ್ಕಿಯವರು ಇನ್ನಿಬ್ಬರಿದ್ದರು. ಒಬ್ಬಳಿಗೆ ತಿಂಗಳು ಇನ್ನೂ ಬಂದಿರಲಿಲ್ಲ. ಇನ್ನೊಬ್ಬಳು ದುಡಿಯಲು ಪುಣೆಯ ಕಡೆ ಹೋಗಿದ್ದಳು. ಅವಳ ಫೋನ್ ಸಿಗಲು ಹನ್ನೊಂದು ದಿನ ಹಿಡಿಯಿತು. ಇಂಜೆಕ್ಷನ್ ಅಲ್ಲಿಯ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಆ ಹನ್ನೊಂದು ದಿನಗಳ ಬಗ್ಗೆ ಬರೆಯಲಾರೆ.

ಮದ್ದು ಎಷ್ಟು ಸರಳವಿತ್ತೆಂದರೆ ನಾಚಿಕೆಯಾಗುತ್ತದೆ. ಹಳೆಯ ಕ್ರಮಸಂಖ್ಯೆಯ ಹಿಂದೆ ಕೇಂದ್ರದ ಹೆಸರಿನ ಒಂದು ಅಕ್ಷರ ಹಚ್ಚಿದ್ದರೆ ಆಗುತ್ತಿತ್ತು, ಯಾರ ಸಾಲೂ ಯಾರ ಮೇಲೂ ಬೀಳುತ್ತಿರಲಿಲ್ಲ. ಎರಡು ಸಲ ಬಂದವರನ್ನು ಆಮೇಲೆ ಕಣ್ಣಿನಿಂದ ನೋಡಿ ಕೂಡಿಸಬಹುದಿತ್ತು. ಹಾಗೇ ಮತ್ತೆ ತುಂಬಿದೆವು. ತವರಿನ ಹೆಸರಿಗೆ ಬೇರೆ ಕಾಲಂ ಮಾಡಿದೆವು. ಪಾಟೀಲ ಸರ್ ಯಾರ ತಪ್ಪು ಎಂಬ ಮಾತನ್ನು ಕೊನೆಗೂ ಎತ್ತಲೇ ಇಲ್ಲ. ನಾನು ಬರೆದುಕೊಟ್ಟ ತಪ್ಪೊಪ್ಪಿಗೆಯ ಕೆಳಗೆ ತಮ್ಮ ಸಹಿಯನ್ನೂ ಹಾಕಿ ಮೇಲಕ್ಕೆ ಕಳಿಸಿದರು. ನೂರಜಹಾನಳ ನೇಲ್ ಪಾಲಿಶಿಗೆ ಮಾತ್ರ ಯಾವ ಕಾಲಮ್ಮೂ ಮಾಡಲಿಲ್ಲ. ಅದು ಹಾಗೇ ಇರಲಿ ಎಂದೆವು.

ನಾನು ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ, ಹಪ್ಪಳ ಒಣಹಾಕುತ್ತಿದ್ದಾಗ ಫೋನ್ ಬಂತು. ನಂಬರ್ ನೋಡಿದ ಕೂಡಲೇ ಗುರುತು ಹತ್ತಿತು. ಆ ಮನೆಯದೇ.

"ಅಕ್ಕೋರ, ಗುರ್ತ ಸಿಕ್ತೇನ್ರಿ? ಶಾಂತಾಗ ಮತ್ತ ದಿನ ನಿಂತಾವ," ಎಂದಳು ಅತ್ತೆ. ಅವಳೂ ಈಗ ಶಾಂತಾ ಎನ್ನುತ್ತಿದ್ದಳು. "ಮಹಾದೇವಿಗೂ ನಿಂತಾವ. ಮೂರನೇ ಮಗನ ಮದಿವಿ ಆತು, ಆ ಸೊಸೀಗೂ ಈಗ ಮೂರು ತಿಂಗಳು. ಎಲ್ಲಾರ್ದೂ ಅಫಜಲಪುರದಾಗ ಬರ್ಸಿ ಬಂದೀನಿ."

"ನಾ ಈಗ ಕೆಲಸದಾಗಿಲ್ಲವ್ವಾ," ಎಂದೆ. "ಫೋನ?"

"ಅದೇ ಅದ ರಿ. ಒಂದೇ."

ಅವಳಿಗೆ ಒಳ್ಳೆಯದಾಗಲಿ ಎಂದು ಹೇಳಿ ಇಟ್ಟವಳೇ ಅಫಜಲಪುರಕ್ಕೆ ಕರೆ ಮಾಡಿದೆ. ನೂರಜಹಾನ್ ನಕ್ಕಳು. "ರಿಟೈರ್ ಆದ್ರೂ ನಿಮ್ಮ ಜೀವ ಈ ಡಬ್ಬ್ಯಾಗೇ ಅದ ನೋಡ್ರಿ. ತಡೀರಿ, ನೋಡ್ತೀನಿ." ಕೀಲಿಮಣೆಯ ಮೇಲಿನ ಬಟ್ಟೆ ಸರಿಸಿದ ಸದ್ದು. ಕೀಲಿ ಒತ್ತಿದ ಸದ್ದು, ಒಂದೊಂದಾಗಿ. ನನ್ನ ಕೈಯಲ್ಲಿ ಅರ್ಧ ಹರಡಿದ ಹಪ್ಪಳ ಹಾಗೇ ಇತ್ತು.

"ಅದಾರ್ರಿ ಅಕ್ಕೋರ," ಎಂದಳು. "ಮೂರೂ ಮಂದಿ ಅದಾರ."